ಎಷ್ಟು ಯೂನಿಟ್ ಅಲ್ಲ ಸ್ವಾಮಿ, ಎಷ್ಟು ಗಂಟೆಗೆ?

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಕೆಲವು ವಾರಗಳ ಹಿಂದೆ ಇದೇ ಸ್ಟುಡಿಯೋದಲ್ಲಿ, ಇದೇ ಕುರ್ಚಿಯಲ್ಲಿ ಕೂತು ನಾನು ಒಂದು ಪ್ರಶ್ನೆ ಕೇಳಿದ್ದೆ. "ಎಲ್ಲರೂ ಎಲೆಕ್ಟ್ರಿಕ್ ಗಾಡಿ ತಗೊಂಡ್ರೆ ರಾಜ್ಯ ಕತ್ತಲಾಗುತ್ತಾ?" ಹಿಂದೆ ಕೆಂಪು ಗ್ರಾಫಿಕ್ಸ್, ಎದೆ ನಡುಗಿಸೋ ಮ್ಯೂಸಿಕ್, ನಾಲ್ಕು ಜನ ಅತಿಥಿಗಳು. ಇಬ್ಬರು ಆಗುತ್ತೆ ಅಂದ್ರು, ಇಬ್ಬರು ಆಗಲ್ಲ ಅಂದ್ರು. ನಲವತ್ತು ನಿಮಿಷ ಕೂಗಾಡಿ ಎದ್ದು ಹೋದೆವು. ನಿಮಗೆ ಏನು ಸಿಕ್ಕಿತು? ಏನೂ ಇಲ್ಲ.

ಪ್ರಶ್ನೆಯೇ ತಪ್ಪಾಗಿತ್ತು ವೀಕ್ಷಕರೇ. ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ನಾಲ್ಕು ವರ್ಷ ಟ್ರಾನ್ಸ್‌ಫಾರ್ಮರ್ ಬಗ್ಗೆ ಪರೀಕ್ಷೆ ಬರೆದು ಪಾಸಾದವರು ನಾವು. ಆದರೂ ಸರಿಯಾದ ಪ್ರಶ್ನೆ ಹೊಳೆಯಲಿಲ್ಲ. ಅದನ್ನು ಕೇಳಿದ್ದು ಸುಬ್ರಹ್ಮಣ್ಯದ ಹತ್ತಿರದ ಒಬ್ಬ ಅಡಿಕೆ ಕೃಷಿಕರು. ಕೈಯಲ್ಲಿ ಟಾರ್ಚ್ ಹಿಡ್ಕೊಂಡು, ರಾತ್ರಿ ಏಳು ಮುಕ್ಕಾಲಿಗೆ.

ನಡೆದಿದ್ದು ಹೇಳ್ತೀನಿ ಕೇಳಿ.

ಒಂದು ಶನಿವಾರ ಮನೆಯವರನ್ನೆಲ್ಲ ಕರ್ಕೊಂಡು ಕುಕ್ಕೆಗೆ ಹೊರಟೆ. ಎಲೆಕ್ಟ್ರಿಕ್ ಕಾರು, 40 ಯೂನಿಟ್ ಹಿಡಿಯೋ ಬ್ಯಾಟರಿ. ಹಾಸನದ ಹತ್ತಿರ ಕಾಫಿ ಕುಡಿಯೋ ಹೊತ್ತಿಗೆ ಒಂದಷ್ಟು ಚಾರ್ಜ್ ಹಾಕಿಸಿದ್ದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಒಂದು ಖುಷಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಇಳಿಯೋ ಗಾಡಿಯೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ಕರೆಂಟ್ ತುಂಬುತ್ತೆ. ಘಟ್ಟದಿಂದ ಬೀಳೋ ನೀರು ಟರ್ಬೈನ್ ತಿರುಗಿಸುತ್ತಲ್ಲ, ಅದೇ ಲೆಕ್ಕ. ಮಕ್ಕಳಿಗೆ ದಾರಿಯುದ್ದಕ್ಕೂ ಪಾಠ ಮಾಡ್ತಾ ಬಂದೆ. ಗುಂಡ್ಯದಲ್ಲಿ ತಿರುಗಿ ಸುಬ್ರಹ್ಮಣ್ಯದ ದಾರಿ ಹಿಡಿದಾಗ ಸಂಜೆ. ಪೇಟೆಯಲ್ಲಿ ರೂಮ್ ಸಿಕ್ಕಿರಲಿಲ್ಲ, ಕೆಲವು ಕಿಲೋಮೀಟರ್ ಒಳಗೆ ತೋಟದ ನಡುವಿನ ಒಂದು ಹೋಮ್‌ಸ್ಟೇ ಬುಕ್ ಮಾಡಿದ್ದೆವು. ತಲುಪಿದಾಗ ಬ್ಯಾಟರಿಯಲ್ಲಿ ಉಳಿದಿದ್ದು ಶೇ. 22.

ಅಂಗಳದ ಗೋಡೆಯಲ್ಲಿ ಒಂದು 15 ಆಂಪಿಯರ್ ಪಾಯಿಂಟ್ ಕಾಣಿಸಿತು. ಮನೆಯವರನ್ನು ಕೇಳಿದೆ, ಪಾಪ, ಹಾಕಿ ಅಂದ್ರು. ಕಾರಿನ ಜೊತೆ ಕೊಟ್ಟಿರೋ 3.3 ಕಿಲೋವ್ಯಾಟ್ ಚಾರ್ಜರ್ ಸಿಕ್ಕಿಸಿದೆ. ಏಳೂವರೆ ಗಂಟೆ. ಊಟದ ಹೊತ್ತು.

ಐದು ನಿಮಿಷ ಆಗಿಲ್ಲ, ಫ್ಯಾನ್ ತೂಕಡಿಸಕ್ಕೆ ಶುರು ಮಾಡ್ತು. ಅಡುಗೆಮನೆಯಲ್ಲಿ ಫ್ರಿಜ್ಜಿನ ಸ್ಟೆಬಿಲೈಸರ್ ಟಕ್, ಟಕ್, ಟಕ್. ಬೆಂಗಳೂರಿನ ಮನೆಗಳಲ್ಲಿ ನಾವು ಮರೆತೇ ಹೋಗಿರೋ ಸದ್ದು ಅದು. ಆಮೇಲೆ ಮೇಲಿನ ತೋಟದಿಂದ ಟಾರ್ಚ್ ಬೆಳಕು ಇಳ್ಕೊಂಡು ಬಂತು. ಪಕ್ಕದ ಮನೆಯ ಹಿರಿಯರು. "ಎಂತದ್ದು ಹಾಕಿದ್ದೀರಿ ಮಾರಾಯ್ರೇ? ನಮ್ಮಲ್ಲಿ ವೋಲ್ಟೇಜೇ ಇಲ್ಲ!"

ಓಡಿ ಹೋಗಿ ಪ್ಲಗ್ ಕಿತ್ತೆ. ಕಿತ್ತ ಕ್ಷಣಕ್ಕೆ ಅಂಗಳದ ಬಲ್ಬು ಬೆಳ್ಳಗಾಯ್ತು. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು, ಚಾರ್ಜರ್ ಮೇಲೆ ಬರೆದಿರೋದನ್ನು ಟಾರ್ಚ್ ಹಾಕಿ ಓದಿದರು. ಆಮೇಲೆ ಹೇಳಿದ್ದು ಇಷ್ಟೇ: "ಇದು ಹೆಚ್ಚುಕಮ್ಮಿ ನನ್ನ ತೋಟದ ಪಂಪಿನಷ್ಟೇ ಕರೆಂಟ್ ಕುಡೀತದೆ. ಪಂಪಿಗೆ ಹೊತ್ತು ಇಟ್ಟಿದ್ದಾರೆ. ನಿಮ್ಮ ಗಾಡಿಗೆ ಹೊತ್ತಿಲ್ವಾ?"

ಪಂಪಿಗೆ ಹೊತ್ತು ಇಟ್ಟಿದ್ದಾರೆ. ನಿಮ್ಮ ಗಾಡಿಗೆ ಹೊತ್ತಿಲ್ವಾ? ನಾನು ಸ್ಟುಡಿಯೋದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಅವರ ಲೆಕ್ಕ ಸರಿಯಾ ನೋಡೋಣ. 5 ಎಚ್‌ಪಿ ಪಂಪ್ ಅಂದ್ರೆ ಸುಮಾರು 3.7 ಕಿಲೋವ್ಯಾಟ್. ನನ್ನ ಚಾರ್ಜರ್ 3.3. ಅಂದ್ರೆ ಒಂದು ಕಾರು ಪ್ಲಗ್ ಹಾಕಿದ್ರೆ, ಊರಿಗೆ ಒಂದು ಪಂಪ್ ಜಾಸ್ತಿ ಆದ ಹಾಗೆ. ಗೋಡೆಗೆ ಕೂರಿಸೋ 7.2 ಕಿಲೋವ್ಯಾಟ್ ಚಾರ್ಜರ್ ಹಾಕಿದ್ರೆ ಎರಡು ಪಂಪ್. ಸ್ಕೂಟರ್ ಬಗ್ಗೆ ಹೆದರಬೇಡಿ. ಅದರ ಚಾರ್ಜರ್ ಸಾಮಾನ್ಯವಾಗಿ ಒಂದು ಕಿಲೋವ್ಯಾಟ್ ಒಳಗೇ, ಒಂದು ಮಿಕ್ಸಿಯಷ್ಟು. ಹಿರಿಯರ ಲೆಕ್ಕ ನೂರಕ್ಕೆ ನೂರು ಸರಿ.

ಇನ್ನು ವೋಲ್ಟೇಜ್ ಯಾಕೆ ಬಿತ್ತು? ಅಡಿಕೆ ತೋಟದವರಿಗೆ ಇದನ್ನು ವಿವರಿಸೋದೇ ಬೇಡ. ಸ್ಪ್ರಿಂಕ್ಲರ್ ಪೈಪ್ ಇದೆಯಲ್ಲ, ಮೇಲುಗಡೆ ನಾಲ್ಕು ಜೆಟ್ ಜಾಸ್ತಿ ಬಿಟ್ರೆ ತುದಿಯ ಜೆಟ್ ಸೊರಗುತ್ತೆ. ತಂತಿಯೂ ಹಾಗೆ. ಪೇಟೆಯಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ಮನೆ ನೂರು ಮೀಟರ್ ದೂರ ಇರುತ್ತೆ. ಸುಬ್ರಹ್ಮಣ್ಯ, ಕಡಬ, ಸುಳ್ಯದ ಕಡೆ ಮನೆ ಅಂದ್ರೆ ಒಂದು ಗುಡ್ಡಕ್ಕೆ ಒಂದು. ತಂತಿ ತೋಟ ದಾಟಿ, ತೋಡು ದಾಟಿ, ಕಾಡು ದಾಟಿ ಹೋಗಬೇಕು. ಲೆಕ್ಕ ಹಾಕಿ ನೋಡಿದೆ. ಹಳ್ಳಿಯ ಲೈನಿನ ಸಪೂರ ಅಲ್ಯೂಮಿನಿಯಂ ತಂತಿ ಒಂದು ಕಿಲೋಮೀಟರಿಗೆ ಸುಮಾರು 0.9 ಓಮ್. ಕರೆಂಟ್ ಹೋಗಬೇಕು, ಬರಬೇಕು, ಅಂದ್ರೆ 1.8. ನನ್ನ ಕಾರು ಎಳೆಯೋದು ಸುಮಾರು 15 ಆಂಪಿಯರ್. ಗುಣಿಸಿ. 27 ವೋಲ್ಟ್ ದಾರಿಯಲ್ಲೇ ಖರ್ಚು! ಟ್ರಾನ್ಸ್‌ಫಾರ್ಮರ್ ಹತ್ತಿರ 230 ಇದ್ದದ್ದು ತುದಿಯ ಮನೆಗೆ ಬರುವಾಗ 203. ಇದು ನನ್ನ ಕಾರೊಂದರ ಪಾಲು. ಎಲ್ಲರ ಮನೆಯ ಲೈಟು, ಟಿವಿ, ಗ್ರೈಂಡರ್ ಸೇರಿದ್ರೆ ಇನ್ನೂ ಕೆಳಗೆ.

ಅದಕ್ಕೆ ಬೆಲೆ ಕಟ್ಟೋದು ಯಾರು? ಕಾರಿನ ಮಾಲೀಕ ಅಲ್ಲ. ವೋಲ್ಟೇಜ್ ಇಳಿದಾಗ ನೀರೆತ್ತುತ್ತಿರೋ ಮೋಟಾರು ಸುಮ್ಮನಿರಲ್ಲ, ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಎಳೆಯುತ್ತೆ, ಬಿಸಿಯಾಗುತ್ತೆ, ಕೊನೆಗೆ ವೈಂಡಿಂಗ್ ಸುಡುತ್ತೆ. ಎಪ್ರಿಲ್ ತಿಂಗಳಲ್ಲಿ ಪಂಪ್ ಸುಟ್ಟು ರಿಪೇರಿಗೆ ಹೋದ್ರೆ ತೋಟದ ಗತಿ ಏನು ಅಂತ ಆ ಕಡೆಯವರನ್ನು ಕೇಳಿ. ನನ್ನ ಕಾರು ಹೊಗೆ ಬಿಡಲ್ಲ, ನಿಜ. ಹೊತ್ತು ತಪ್ಪಿ ಪ್ಲಗ್ ಹಾಕಿದ್ರೆ ಹೊಗೆ ಪಕ್ಕದವರ ಪಂಪಿನಿಂದ ಬರುತ್ತೆ!

ಮುಂದಿನ ಮೆಟ್ಟಿಲು ಟ್ರಾನ್ಸ್‌ಫಾರ್ಮರ್. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣೋದು 25, 63, 100 ಕೆವಿಎ ಡಬ್ಬಗಳು. 63ರದ್ದೇ ತಗೊಳ್ಳಿ. ಸಂಜೆ ಅದರ ಶೇ. 60ರಷ್ಟು ಈಗಾಗಲೇ ಮನೆಗಳಿಗೆ ಹೋಗಿದೆ ಅಂದ್ಕೊಳ್ಳೋಣ. ಉಳಿದಿದ್ದು 25 ಕೆವಿಎ. ಎಷ್ಟು ಕಾರು? ಏಳು. ಏಳೇ ಏಳು! ಎಂಟನೇ ಕಾರಿಗೆ ಜಾಗ ಇಲ್ಲ. ಇನ್ನು 60 ಕಿಲೋವ್ಯಾಟ್‌ನ ಒಂದು ಫಾಸ್ಟ್ ಚಾರ್ಜರ್ ಇಟ್ರೆ? ಒಂದೇ ಗನ್ನಿಗೆ ಇಡೀ ಟ್ರಾನ್ಸ್‌ಫಾರ್ಮರ್ ಹೋಯ್ತು. ಅದಕ್ಕೇ ಫಾಸ್ಟ್ ಚಾರ್ಜರ್‌ಗಳಿಗೆ 11 ಕೆ.ವಿ. ಲೈನಿನಿಂದ ಬೇರೆಯೇ ಟ್ರಾನ್ಸ್‌ಫಾರ್ಮರ್ ಬೇಕಾಗೋದು. ಆ 11 ಕೆ.ವಿ. ಲೈನಿಗೆ ಹಿಂದಿನ ಸಬ್‌ಸ್ಟೇಷನ್‌ನಲ್ಲಿ ಶಕ್ತಿ ಇರಬೇಕು. ಸುಳ್ಯಕ್ಕೆ 110 ಕೆ.ವಿ. ಸಬ್‌ಸ್ಟೇಷನ್ ಬೇಕು ಅನ್ನೋ ಬೇಡಿಕೆ ಎಷ್ಟು ಹಳೆಯದು ಅಂತ ಆ ಭಾಗದ ವೀಕ್ಷಕರಿಗೆ ನಾನು ಹೇಳಬೇಕಾಗಿಲ್ಲ.

ಸರಿ, ಇದು ಊರಿನ ಕತೆ. ರಾಜ್ಯದ ಕತೆ ಏನು? ನನ್ನ ಹಳೇ ಪ್ರಶ್ನೆಗೆ ವಾಪಸ್ ಬರೋಣ, ಕತ್ತಲಾಗುತ್ತಾ?

ಪೆನ್ನು ಹಿಡ್ಕೊಳ್ಳಿ. ಒಂದು ಕಾರು ವರ್ಷಕ್ಕೆ 11 ಸಾವಿರ ಕಿಲೋಮೀಟರ್ ಓಡುತ್ತೆ, ಒಂದು ಯೂನಿಟ್‌ಗೆ ಆರೂವರೆ ಕಿಲೋಮೀಟರ್ ಕೊಡುತ್ತೆ ಅಂತಿಟ್ಕೊಳ್ಳಿ. ವರ್ಷಕ್ಕೆ 1,700 ಯೂನಿಟ್. ನಮ್ಮ ರಾಜ್ಯದಲ್ಲಿ 10 ಲಕ್ಷ ಎಲೆಕ್ಟ್ರಿಕ್ ಕಾರು ಬಂದ್ವು ಅಂತ ಊಹಿಸೋಣ. ಒಟ್ಟು 170 ಕೋಟಿ ಯೂನಿಟ್. ದೊಡ್ಡ ಸಂಖ್ಯೆ ಅನ್ಸುತ್ತೆ ಅಲ್ವಾ? ಕರ್ನಾಟಕ ಒಂದು ವರ್ಷಕ್ಕೆ ಬಳಸೋದು 8,000 ಕೋಟಿ ಯೂನಿಟ್‌ಗೂ ಜಾಸ್ತಿ. ಅಂದ್ರೆ 10 ಲಕ್ಷ ಕಾರುಗಳ ಪಾಲು ನೂರಕ್ಕೆ ಎರಡು. ಬರೀ ಎರಡು! ಇದಕ್ಕೆ ರಾಜ್ಯ ಕತ್ತಲಾಗಲ್ಲ. ನಾರ್ವೆ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಹೆಚ್ಚುಕಮ್ಮಿ ಒಂಬತ್ತು ಎಲೆಕ್ಟ್ರಿಕ್. ಅಲ್ಲೂ ಕತ್ತಲಾಗಲಿಲ್ಲ.

ಈಗ ಅದೇ 10 ಲಕ್ಷ ಕಾರು. ಎಲ್ಲರೂ ಆಫೀಸು ಮುಗಿಸಿ ಬಂದು, ಶೂ ಬಿಚ್ಚೋ ಮೊದಲು, ಸಂಜೆ ಏಳು ಗಂಟೆಗೆ ಪ್ಲಗ್ ಹಾಕಿದ್ರು. ತಲಾ 3.3 ಕಿಲೋವ್ಯಾಟ್. ಒಟ್ಟು 3,300 ಮೆಗಾವ್ಯಾಟ್. ನಮ್ಮ ಹೆಮ್ಮೆಯ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ ಎಷ್ಟು ಗೊತ್ತಾ? 1,035 ಮೆಗಾವ್ಯಾಟ್. ಆ ಒಂದು ಗಂಟೆಗೆ ಮೂರು ಶರಾವತಿ ಬೇಕು!

ಅದೇ ಕಾರು, ಅದೇ ಯೂನಿಟ್. ವರ್ಷದ ಲೆಕ್ಕದಲ್ಲಿ ನೂರಕ್ಕೆ ಎರಡು, ಸಂಜೆ ಏಳರ ಲೆಕ್ಕದಲ್ಲಿ ಮೂರು ಶರಾವತಿ. ಕೇಳಬೇಕಾಗಿರೋದು ಎಷ್ಟು ಯೂನಿಟ್ ಅಂತ ಅಲ್ಲ ಸ್ವಾಮಿ, ಎಷ್ಟು ಗಂಟೆಗೆ ಅಂತ.

ಸಂಜೆಯೇ ಯಾಕೆ ಕಷ್ಟ? 2025ರ ಮಾರ್ಚ್‌ನಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿತು. ಬೇಸಿಗೆಯಲ್ಲಿ ಬೇಡಿಕೆ ಏರೋದು ಹೆಚ್ಚಾಗಿ ಹಗಲಿನಲ್ಲೇ, ಪಂಪ್‌ಸೆಟ್‌ಗಳು ಓಡೋ ಹೊತ್ತಿನಲ್ಲಿ. ಆದರೆ ಆಗ ಆಕಾಶದಲ್ಲಿ ಸೂರ್ಯ ಇರ್ತಾನೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ಮಧ್ಯಾಹ್ನ ಕರೆಂಟ್ ಅಲ್ಲಿ ಉಕ್ಕುತ್ತೆ. ಸಂಜೆ ಆರೂವರೆಗೆ? ಸೊನ್ನೆ. ಸೂರ್ಯ ಅಂಗಡಿ ಮುಚ್ಚೋ ಹೊತ್ತಿಗೇ ನಾವು ಲೈಟು, ಟಿವಿ, ಒಲೆ, ಈಗ ಕಾರು ಎಲ್ಲ ಆನ್ ಮಾಡ್ತೀವಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದರ ಗ್ರಾಫ್ ಬರೆದು ನೋಡಿದ್ರು. ಮಧ್ಯಾಹ್ನ ಹೊಟ್ಟೆ ಇಳಿಬಿದ್ದು, ಸಂಜೆ ಕತ್ತು ಸರಕ್ಕನೆ ಮೇಲಕ್ಕೆ. ಬಾತುಕೋಳಿ ಥರ ಇದೆ ಅಂತ ಅದೇ ಹೆಸರಿಟ್ಟರು. ನಾವೆಲ್ಲ ಸಂಜೆ ಪ್ಲಗ್ ಹಾಕಿದ್ರೆ ಆ ಬಾತುಕೋಳಿಯ ಕತ್ತು ಇನ್ನಷ್ಟು ಉದ್ದ ಆಗುತ್ತೆ.

ಆ ಕತ್ತಿನ ಬೆಲೆ ಎಲ್ಲಿ ಕಟ್ಟುತ್ತೇವೆ ಗೊತ್ತಾ? ಘಟ್ಟದಲ್ಲಿ. ಸಂಜೆ ಬೇಕು ಅಂದ ತಕ್ಷಣ ಕರೆಂಟ್ ಕೊಡೋದು ನೀರು. ಹಾಗಾಗಿ ಸಂಜೆಯ ಬೇಡಿಕೆ ಏರಿದಾಗಲೆಲ್ಲ ಯಾರೋ ಒಬ್ಬರು ಪಶ್ಚಿಮ ಘಟ್ಟದ ನಕ್ಷೆ ಬಿಡಿಸ್ತಾರೆ. ನಾನು ಕಾರು ತಿರುಗಿಸಿದ ಗುಂಡ್ಯ ಇದೆಯಲ್ಲ, ಆ ಗುಂಡ್ಯ ಹೊಳೆ ಹೋಗಿ ಸೇರೋದು ಕುಮಾರಧಾರೆಗೆ, ಕುಕ್ಕೆಯಲ್ಲಿ ಭಕ್ತರು ಮೀಯೋ ಅದೇ ಕುಮಾರಧಾರೆಗೆ. ಅಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಗುಂಡ್ಯ ಜಲವಿದ್ಯುತ್ ಯೋಜನೆಯ ಪ್ರಸ್ತಾವ ಇತ್ತು. ಊರವರು ವಿರೋಧ ಮಾಡಿದ್ರು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ವರದಿಯಲ್ಲಿ ಇದಕ್ಕೆ ಅನುಮತಿ ಕೊಡಬೇಡಿ ಅಂತ ಹೇಳಿತು. ಅತ್ತ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲಿನ ಅಗ್ಗದ ಕರೆಂಟಿನಲ್ಲಿ ನೀರನ್ನು ಮೇಲಕ್ಕೆ ಎತ್ತೋದು, ಸಂಜೆ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು. ಸಿಂಗಳೀಕಗಳ ಅಭಯಾರಣ್ಯದ ನಡುವೆ ಬರುತ್ತೆ ಅಂತ ಅದಕ್ಕೂ ದೊಡ್ಡ ಗಲಾಟೆ.

ನಾನು ಆ ಯೋಜನೆ ಬೇಕು, ಬೇಡ ಅಂತ ಇವತ್ತು ತೀರ್ಪು ಕೊಡೋದಿಲ್ಲ. ಒಂದೇ ಮಾತು ಹೇಳ್ತೀನಿ. ಹಗಲು ಉಕ್ಕೋ ಕರೆಂಟನ್ನು ಹಿಡಿದಿಡಲು ಕಾಡಿನೊಳಗೆ ಸುರಂಗ ಕೊರೆಯೋ ಮಾತಾಡ್ತೀವಿ. ಆದರೆ ಹಗಲು ಕರೆಂಟ್ ಹಿಡಿದಿಡೋ 40 ಯೂನಿಟ್ ಡಬ್ಬ ಒಂದೊಂದು ಕಾರಿನ ಹೊಟ್ಟೆಯಲ್ಲೂ ಇದೆ. ಅದನ್ನು ಮಧ್ಯಾಹ್ನ ಬಿಸಿಲಲ್ಲಿ ಸುಮ್ಮನೆ ನಿಲ್ಲಿಸಿ, ಸಂಜೆ ತುಂಬಿಸ್ತೀವಿ. ಇದಕ್ಕಿಂತ ದೊಡ್ಡ ದಡ್ಡತನ ಇದೆಯಾ?

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡ್ತು. ಸೂರ್ಯ ಇರೋ ಹೊತ್ತಿನಲ್ಲಿ ಕರೆಂಟ್ ದರ ಶೇ. 10ರಿಂದ 20 ಕಮ್ಮಿ, ಪೀಕ್ ಹೊತ್ತಿನಲ್ಲಿ ಶೇ. 10ರಿಂದ 20 ಜಾಸ್ತಿ. ದೊಡ್ಡ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 2024ರ ಎಪ್ರಿಲ್‌ನಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಎಪ್ರಿಲ್‌ನಿಂದ ಅಂತ. 2024ರ ಸೆಪ್ಟೆಂಬರ್‌ನಲ್ಲಿ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಇನ್ನೊಂದು ಮಾರ್ಗಸೂಚಿ. ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು ದರ, ಉಳಿದ ಹೊತ್ತು 1.3 ಪಟ್ಟು. ಕಾಗದದಲ್ಲಿ ಬಹಳ ಚೆನ್ನಾಗಿದೆ. ಆದರೆ ಹೊತ್ತು ಗೊತ್ತಾಗಬೇಕಾದ್ರೆ ಮೀಟರಿಗೆ ಗಡಿಯಾರ ಇರಬೇಕು. ನಿಮ್ಮ ಮನೆಯ ಮೀಟರಿಗೆ ಇದೆಯಾ? ಸ್ಮಾರ್ಟ್ ಮೀಟರ್ ಇಲ್ಲದ ಮನೆಗೆ ಮಧ್ಯಾಹ್ನ ಎರಡಕ್ಕೆ ಹಾಕಿದ್ರೂ ಒಂದೇ ಬಿಲ್, ಸಂಜೆ ಏಳಕ್ಕೆ ಹಾಕಿದ್ರೂ ಒಂದೇ ಬಿಲ್. ಮತ್ತೆ ಯಾರು ಹೊತ್ತು ನೋಡ್ತಾರೆ?

ರಾಜ್ಯದಲ್ಲಿ ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳು 5 ಸಾವಿರ ದಾಟಿವೆ, ದೇಶದಲ್ಲೇ ಮುಂದೆ ಇದ್ದೀವಿ. ಸಂತೋಷ. ಆದರೆ ಅದರಲ್ಲಿ ಬಹುಪಾಲು ಬೆಂಗಳೂರಿನಲ್ಲಿ. ಬೆಂಗಳೂರಿನ ಕಾರು ಶನಿವಾರ ಬೆಂಗಳೂರಿನಲ್ಲಿ ಇರೋದಿಲ್ಲವಲ್ಲ! ಅದು ಧರ್ಮಸ್ಥಳ, ಕುಕ್ಕೆ, ಮಡಿಕೇರಿ, ಚಿಕ್ಕಮಗಳೂರಿನ ಲೈನಿನ ತುದಿಯಲ್ಲಿ ಇರುತ್ತೆ.

ಈಗ ಕುಕ್ಕೆಗೇ ಬರೋಣ. ಪೇಟೆಯಲ್ಲಿ ನಿಂತು ನೋಡಿದಾಗ ನನಗೆ ಒಂದು ವಿಷಯ ಹೊಳೀತು. ಬಂದ ಭಕ್ತರು ಏನು ಮಾಡ್ತಾರೆ? ಬೆಳಗ್ಗೆ ಬರ್ತಾರೆ. ಸ್ನಾನ, ದರ್ಶನ, ಆಶ್ಲೇಷ ಬಲಿ, ಮಧ್ಯಾಹ್ನ ಪ್ರಸಾದದ ಊಟ. ಕಾರು ಎಲ್ಲಿರುತ್ತೆ? ಪಾರ್ಕಿಂಗ್‌ನಲ್ಲಿ, ನಾಲ್ಕೈದು ಗಂಟೆ, ಅದೂ ಸರಿಯಾಗಿ ಸೂರ್ಯ ನೆತ್ತಿಯ ಮೇಲಿರೋ ಹೊತ್ತಿಗೆ! ಸರ್ಪ ಸಂಸ್ಕಾರಕ್ಕೆ ಬಂದವರ ಕಾರಂತೂ ಎರಡು ದಿನ. ಇಂಥ ಕಡೆ ಅವಸರದ ದೊಡ್ಡ ಫಾಸ್ಟ್ ಚಾರ್ಜರ್ ಒಂದೆರಡು ಸಾಕು. ಹೆಚ್ಚಾಗಿ ಬೇಕಾಗಿರೋದು 3.3 ಕಿಲೋವ್ಯಾಟ್‌ನ ಸಾದಾ ಪಾಯಿಂಟ್‌ಗಳು. ನಾಲ್ಕು ಗಂಟೆಗೆ 13 ಯೂನಿಟ್, ಸುಮಾರು 80 ಕಿಲೋಮೀಟರ್ ದಾರಿ. ನೂರು ಕಾರಿಗೆ 330 ಕಿಲೋವ್ಯಾಟ್, ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಅಲ್ಲೇ ಪಕ್ಕದಲ್ಲಿ. ಮೇಲೆ ಸೋಲಾರ್ ಚಪ್ಪರ. ಕಾರಿಗೆ ನೆರಳೂ ಆಯ್ತು, ಕರೆಂಟೂ ಆಯ್ತು. ಮಳೆಗಾಲದಲ್ಲಿ ಏನು ಅಂತೀರಾ? ಆಗ ಆ ಊರಿನಲ್ಲಿ ಬಿಸಿಲಿಲ್ಲ, ಒಪ್ಪಿದೆ. ಆದರೆ ಆಗ ಪಂಪುಗಳು ಮಲಗಿರುತ್ತವೆ, ಮಳೆ ಸರಿಯಾಗಿ ಬಂದ ವರ್ಷ ಜಲಾಶಯಗಳಿಗೆ ನೀರು ಬರ್ತಿರುತ್ತೆ, ಬಯಲುಸೀಮೆಯ ಗಾಳಿಯಂತ್ರ ಜೋರಾಗಿ ತಿರುಗ್ತಿರುತ್ತೆ. ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ಆದಾಯದಲ್ಲಿ ಕುಕ್ಕೆಗೆ ಮೊದಲ ಸ್ಥಾನ, ವರ್ಷಕ್ಕೆ 100 ಕೋಟಿ ರೂಪಾಯಿ ದಾಟುತ್ತೆ. ಹಣದ ಕೊರತೆ ಅನ್ನೋ ಮಾತು ಇಲ್ಲಿ ನಡೆಯಲ್ಲ. ಕುಕ್ಕೆಯಲ್ಲಿ ಆದ್ರೆ ರಾಜ್ಯದ ಯಾವ ಕ್ಷೇತ್ರದಲ್ಲೂ ಆಗುತ್ತೆ.

ಇನ್ನು ನಮ್ಮ ಪಾಲಿನ ಕೆಲಸ. ಮೂರೇ ಮಾತು.

ಒಂದು, ಮನೆಯಲ್ಲಿ ಚಾರ್ಜರ್ ಹಾಕೋ ಮೊದಲು ವಿದ್ಯುತ್ ಕಚೇರಿಗೆ ತಿಳಿಸಿ. ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಅಂತ ಬಿಲ್ಲಿನಲ್ಲೇ ಇರುತ್ತೆ. ಒಂದೆರಡು ಕಿಲೋವ್ಯಾಟ್ ಇದ್ರೆ ಕಾರಿನ ಚಾರ್ಜರ್ ಅದನ್ನು ಮೀರುತ್ತೆ. ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ, ಸರಿಯಾದ ಅರ್ಥಿಂಗ್ ಮಾಡಿಸಿ. ಯಾವ ಟ್ರಾನ್ಸ್‌ಫಾರ್ಮರ್ ಕೆಳಗೆ ಎಷ್ಟು ಕಾರಿದೆ ಅಂತ ಇಂಜಿನಿಯರಿಗೆ ಗೊತ್ತಾದ್ರೆ ತಾನೇ ದೊಡ್ಡದು ಹಾಕೋದು?

ಎರಡು, ಸಂಜೆ ಆರರಿಂದ ಹತ್ತು ಗಂಟೆ ಪ್ಲಗ್ ಮುಟ್ಟಬೇಡಿ. ಹಗಲು ಸಾಧ್ಯವಾದ್ರೆ ಹಗಲು. ಇಲ್ಲ ಅಂದ್ರೆ ಮಧ್ಯರಾತ್ರಿ. ಬಹಳಷ್ಟು ಕಾರುಗಳಲ್ಲಿ ಟೈಮರ್ ಇದೆ, ಮಲಗುವ ಮುಂಚೆ ಹಾಕಿಟ್ರೆ ಅದರ ಪಾಡಿಗೆ ಅದು ಶುರುವಾಗುತ್ತೆ.

ಮೂರು, ಅತಿಥಿಯಾಗಿ ಹೋದ ಊರಿನಲ್ಲಿ, ಕೇಳದೆ ಹಾಕಬೇಡಿ. ನಾನು ಮನೆಯವರನ್ನು ಕೇಳಿದ್ದೆ. ಆದರೆ ಆ ತಂತಿ ಬರೀ ಅವರ ಮನೆಯದ್ದಲ್ಲ ಅಂತ ಮರೆತಿದ್ದೆ.

ಆ ರಾತ್ರಿ ಮತ್ತೆ ಪ್ಲಗ್ ಹಾಕಲಿಲ್ಲ. ಬೆಳಗ್ಗೆ ಎದ್ದು ಮೇಲಿನ ಮನೆಗೆ ಹೋದೆ, ಕ್ಷಮೆ ಕೇಳೋಣ ಅಂತ. ಚಹಾ ಕೊಟ್ರು. ಹೊರಗೆ ಪಂಪ್ ಓಡ್ತಾ ಇತ್ತು, ತೋಟದಲ್ಲಿ ಜೆಟ್‌ಗಳು ತಿರುಗ್ತಾ ಇದ್ವು. ಅವರು ಗಡಿಯಾರ ನೋಡಿ ಹೇಳಿದ್ರು, "ಹತ್ತೂವರೆಗೆ ನಾನು ನಿಲ್ಲಿಸ್ತೇನೆ. ಆಮೇಲೆ ನಿಮ್ಮದು ಹಾಕಿ. ನಾಲ್ಕಕ್ಕೆ ತೆಗೀರಿ, ಆಯ್ತಾ?"

ಹತ್ತೂವರೆಗೆ ಪಂಪ್ ನಿಂತಿತು. ಪ್ಲಗ್ ಹಾಕಿ ನಾವು ಬಸ್ಸಿನಲ್ಲಿ ದೇವಸ್ಥಾನಕ್ಕೆ ಹೋದೆವು. ವಾಪಸ್ ಬಂದಾಗ ಬ್ಯಾಟರಿ ಶೇ. 60 ದಾಟಿತ್ತು, ಹಾಸನ ಮುಟ್ಟೋಕೆ ಸಾಕು. ಅಡುಗೆಮನೆಯ ಸ್ಟೆಬಿಲೈಸರ್ ಹಗಲೆಲ್ಲ ತೆಪ್ಪಗಿತ್ತಂತೆ.

ಸ್ಮಾರ್ಟ್ ಮೀಟರ್ ಇರಲಿಲ್ಲ, ಆ್ಯಪ್ ಇರಲಿಲ್ಲ. ಒಂದೇ ತಂತಿಯಲ್ಲಿ ಇರೋ ಇಬ್ಬರು ಮಾತಾಡ್ಕೊಂಡು ಹೊತ್ತು ಹಂಚ್ಕೊಂಡ್ವಿ, ಅಷ್ಟೇ. ಏಳು ಕೋಟಿ ಜನ ಒಬ್ಬೊಬ್ಬರೇ ಹೀಗೆ ಮಾತಾಡ್ಕೊಳ್ಳಕ್ಕೆ ಆಗಲ್ಲ. ಅದಕ್ಕೇ ಮೀಟರು, ಅದಕ್ಕೇ ದರ, ಅದಕ್ಕೇ ಸರ್ಕಾರ. ಅದು ಆಗೋವರೆಗೆ ಪ್ಲಗ್ ಕೈಯಲ್ಲಿ ಹಿಡಿದಾಗ ಒಮ್ಮೆ ಗಡಿಯಾರ ನೋಡಿ. ತಂತಿಯ ಆ ತುದಿಯಲ್ಲಿ ಯಾರೋ ಇದ್ದಾರೆ.